ಬೆಟ್ಟಕ್ಕೆ ಬೆನ್ನು ಮಾಡಿದ ಫೋಟೊಗಳು

ಮಾಗಡಿಯ ಸ್ಟುಡಿಯೋವೊಂದಕ್ಕೆ ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಡಾರ್ಕ್‌ರೂಮಿನ ಟ್ರೇ ತೊಳೆಯುವುದು, ಗಿರಾಕಿಗಳ ಕೈಗೆ ಬಾಚಣಿಗೆ, ಪೌಡರ್ ಡಬ್ಬಿ ಕೊಡುವುದು ನನ್ನ ಪಾಲಿನ ಕೆಲಸ. ಒಳಗೋಡೆಯ ಮೇಲೊಂದು ಬಣ್ಣದ ಪರದೆ: ಕೊಳ, ಜೋಡಿ ಹಂಸ, ಹಿಂದೆ ಹಿಮದ ಬೆಟ್ಟ. ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಸಾವನದುರ್ಗ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಕಲ್ಲು, ಕರಿಗುಡ್ಡ ಬಿಳಿಗುಡ್ಡ ಎರಡೂ ಭುಜ ತಾಗಿಸಿಕೊಂಡು ನಿಂತಿದೆ. ಅದರ ತಪ್ಪಲಿನ ಜನ ಬಸ್ಸು ಹತ್ತಿ ಬಂದು, ಹುಟ್ಟಿದಾಗಿನಿಂದ ಕಾಣದ ಹಿಮದ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ಹೋಗುತ್ತಿದ್ದರು.

ಮೊಳೆಗೆ ಒಂದು ಕೋಟು ನೇತುಹಾಕಿತ್ತು. ಊರಿಗೆಲ್ಲ ಅದೊಂದೇ. ಸಣಕಲು ಮೈಯವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಅಳತೆಗೆ ತರುತ್ತಿದ್ದೆ. ಒಮ್ಮೆ ಮಗಳ ಸಂಬಂಧದ ಮಾತಿಗೆ ಬಂದಿದ್ದ ಚನ್ನಪಟ್ಟಣದ ಬೊಂಬೆ ಕೆಲಸದ ಹಿರಿಯರೊಬ್ಬರು ಕೂತರು. ಉಗುರಿನ ಸಂದಿಯಲ್ಲೆಲ್ಲ ಕೆಂಪು, ಹಳದಿ ಅರಗು. "ಕೈ ಕಾಣಿಸದ ಹಾಗೆ ತೆಗೀರಪ್ಪ, ಬೀಗರು ಕೂಲಿಯವನು ಅಂದುಕೊಂಡಾರು" ಅಂದರು. ಯಜಮಾನರು ಎದೆಯವರೆಗೆ ಮಾತ್ರ ತೆಗೆದರು. ನಮ್ಮ ಕಸುಬಿನ ಜಾಣ್ಮೆಯೆಲ್ಲ ಆಗ ಇದರಲ್ಲೇ ಇತ್ತು: ಮನುಷ್ಯ ಮಾಡುವ ಕೆಲಸ ಫೋಟೊದಲ್ಲಿ ಕಾಣಬಾರದು.

ನಮ್ಮ ಬೆಟ್ಟಗಳ ಪಾಡೂ ಹೆಚ್ಚುಕಡಿಮೆ ಇದೇ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಸಾವನದುರ್ಗವನ್ನು ಅದರ ಹೆಸರಿನಲ್ಲೇ ಬರೆದುಕೊಂಡು ಹೋದ. ಸಿನಿಮಾದವರು ಬಂದ ಮೇಲೆ ವೇಷ ಬದಲಾಯಿತು. 1975ರ 'ಶೋಲೆ'ಯಲ್ಲಿ ರಾಮನಗರದ ಬಂಡೆಗಳು ರಾಮಗಢವಾದವು. ಡೇವಿಡ್ ಲೀನನ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ, 1984ರಲ್ಲಿ, ಸಾವನದುರ್ಗ ಮರಾಬಾರ್ ಬೆಟ್ಟವಾಯಿತು. ಚನ್ನಪಟ್ಟಣದ ಬೊಂಬೆಗೆ ಊರಿನ ಹೆಸರಾದರೂ ಇತ್ತು, ಕಡೆದವರ ಹೆಸರು ಇರಲಿಲ್ಲ. 2005–06ರಲ್ಲಿ ಬಂದ ಭೌಗೋಳಿಕ ಸೂಚಕದ (ಜಿಐ) ಟ್ಯಾಗ್ ಕೂಡ ಕಾಯ್ದದ್ದು ಊರಿನ ಹೆಸರನ್ನೇ.

ಸ್ಟುಡಿಯೋ ಬಾಳಿ ಬಾಗಿಲು ಹಾಕಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಶೇಷನ್ ಮತದಾರರಿಗೆ ಫೋಟೊ ಇರುವ ಗುರುತಿನ ಚೀಟಿ ಬೇಕೆಂದರು, ನಮ್ಮಂಥವರಿಗೆ ಸುಗ್ಗಿ. ಆಮೇಲೆ ಕಲರ್ ಲ್ಯಾಬು, ಡಿಜಿಟಲ್ಲು. ಆಧಾರ್ ಕೇಂದ್ರದಲ್ಲಿ ಅವರೇ ಫೋಟೊ ತೆಗೆದುಕೊಂಡರು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿದ ಸುದ್ದಿ ಓದಿ, ಪರದೆ ಸುತ್ತಿ ಅಟ್ಟಕ್ಕೆ ಹಾಕಿದೆ.

ಕಸುಬು ಮತ್ತೆ ಚಿಗುರಿದ್ದು ಬೇರೆಯವರ ಕಷ್ಟದಿಂದ. 2020ರ ಲಾಕ್‌ಡೌನಿನಲ್ಲಿ ಜಾತ್ರೆ, ಮೇಳ ಎಲ್ಲ ನಿಂತವು. ಮೂರು ವರ್ಷ ಕಳೆದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಂತು. ರಾಮನಗರ, ಚನ್ನಪಟ್ಟಣದ ಬೈಪಾಸಿನಲ್ಲಿ ಕಾರುಗಳು ಊರ ಹೊರಗೇ ಹಾದುಹೋದವು, ಹಳೇ ರಸ್ತೆಯ ಬೊಂಬೆ ಅಂಗಡಿಗಳು ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡವು. ಇನ್ನು ಫೋನೇ ಅಂಗಡಿ. ಆಗ ಚನ್ನಪಟ್ಟಣದ ಹೆಣ್ಣುಮಗಳೊಬ್ಬಳು ಕರೆಸಿದಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಮಕ್ಕಳ ಗಿಲಕಿ ಮಾಡುತ್ತಿದ್ದಳು. "ಬೊಂಬೆ ಫೋಟೊ ನಾನೇ ತಕ್ಕೋತೀನಿ ಅಣ್ಣ. ನನ್ನದು ತೆಗೀರಿ. ಮುಖ ನೋಡದೆ ಯಾರೂ ದುಡ್ಡು ಕಳಿಸಲ್ಲ" ಅಂದಳು.

ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು. ದಿನಾ ಉಡುವ ಸೀರೆಯೇ ಸಾಕು ಅಂದಿದ್ದಕ್ಕೆ ಅರ್ಧ ಗಂಟೆ ಜಗಳ. ಕೊನೆಗೆ ಎರಡರಲ್ಲೂ ತೆಗೆಯುವುದೆಂದು ರಾಜಿಯಾಯಿತು. ಫ್ಲ್ಯಾಶ್ ಹಾಕಿದರೆ ಅರಗಿನ ಹೊಳಪಿನ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಅದಕ್ಕೆ ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಸೋಸಿದ ಬೆಳಕಿನಲ್ಲಿ ಕಾದೆ. ಲೇತಿನಲ್ಲಿ ಆಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ಆ ಕಡ್ಡಿ ಒತ್ತುವ ಗಳಿಗೆಯೇ ನನಗೆ ಬೇಕಿತ್ತು. ಶಟರ್ ನಿಧಾನಕ್ಕೆ ಇಟ್ಟೆ: ಮರ ಮಸುಕಾಗಿ ಸುತ್ತುತ್ತಿತ್ತು, ಕೈ ನಿಶ್ಚಲ, ಉಗುರಿನ ಬಣ್ಣವೂ ಸ್ಪಷ್ಟ. ಅವಳು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದು ಆ ಫೋಟೊವನ್ನೇ. ರೇಷ್ಮೆ ಸೀರೆಯದು ಮನೆಯ ಗೋಡೆಗೆ ಹೋಯಿತು.

ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಕುಂಬಾರರು, ಬಿದಿರು ಹೆಣೆಯುವವರು, ಕೈಮಗ್ಗದವರು ಕರೆದರು. ಮರದ ಮಣಿಯ ಸರ ಮಾಡುವ ಹುಡುಗಿ ಸಾವನದುರ್ಗವೇ ಹಿಂದೆ ಇರಲಿ ಅಂದಳು. ಬೆಳಗಿನ ಏಳಕ್ಕೆ ಮಂಚನಬೆಲೆ ಕಡೆಯಿಂದ ನೋಡಿದರೆ ಮಂಜಿನಲ್ಲಿ ಬೆಟ್ಟ ತಿಳಿ ನೀಲಿ. ಗಿರಾಕಿಯ ಹಿಂದೆ ನಮ್ಮ ಬೆಟ್ಟವನ್ನೇ ನಿಲ್ಲಿಸಿ ನಾನು ತೆಗೆದ ಮೊದಲ ಫೋಟೊ ಅದು. ಇದು ನನಗೆ ಮುಂಚೆಯೇ ಹೊಳೆಯಬೇಕಿತ್ತು. ನಮ್ಮ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ನೋಡಿಲ್ಲ! ಕುದೂರಿನ ದಾರಿಯಲ್ಲಿ ಅವರೇ ನೆಟ್ಟ ಆಲದ ಮರಗಳು ಹಿಂದಿದ್ದರೆ ಕೆಳಗೆ ಹೆಸರು ಬರೆಯುವ ಅಗತ್ಯವೂ ಇರಲಿಲ್ಲ.

ಇಷ್ಟು ಕಲಿತ ಮೇಲೂ ಒಂದು ತಪ್ಪು ಮಾಡಿದೆ. ನಗರದ ಕಂಪನಿಯೊಂದರ ಮಾಲೀಕರು ಚನ್ನಪಟ್ಟಣದ ಶೆಡ್ಡೊಂದಕ್ಕೆ ಬಂದು, ಲೇತಿನ ಮುಂದೆ ಕೂತು, ಉಳಿ ಹಿಡಿದು ನಕ್ಕರು. ನಾನು ಪಂಚೆ ಕಟ್ಟಿದೆ, ಕ್ಲಿಕ್ಕಿಸಿದೆ, ದುಡ್ಡು ಎಣಿಸಿಕೊಂಡೆ. ಮೂವತ್ತು ವರ್ಷ ಅದೇ ಲೇತಿನಲ್ಲಿ ಕಡೆದವರು ನನ್ನ ಕ್ಯಾಮೆರಾ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಎಲ್ಲರೂ ಹೋದ ಮೇಲೆ ಮೆಲ್ಲಗೆ ಅಂದರು: "ಅಣ್ಣ, ಉಳಿ ತಿರುಗಾಮುರುಗಾ ಹಿಡ್ಕೊಂಡಿದ್ರು."

ಹಿಂದೆ ನಾವು ಮರೆಮಾಡಿದ್ದು ಕೈಯನ್ನು ಮಾತ್ರ. ಆ ದಿನ ನಾನು ಇಡೀ ಮನುಷ್ಯನನ್ನೇ ಮರೆಮಾಡಿದ್ದೆ.

ಈಗ ನನ್ನದು ಒಂದೇ ಷರತ್ತು. ಮಾಲೀಕರು ಬೊಂಬೆಗಳ ನಡುವೆ ಕೂರಲಿ, ಲೆಕ್ಕದ ಪುಸ್ತಕ ಹಿಡಿಯಲಿ, ಅದೂ ಕೆಲಸವೇ. ಉಳಿ ಮಾತ್ರ ಕಡೆಯಲು ಬರುವವರ ಕೈಯಲ್ಲಿರಬೇಕು, ಡಬ್ಬಿಯ ಮೇಲೆ ಅವರ ಹೆಸರೂ ಇರಬೇಕು. ಈ ಮಾತಿಗೆ ಕಳೆದ ವರ್ಷ ಮೂರು ಕೆಲಸ ಕೈತಪ್ಪಿದವು.