ಕೇಸ್ ಪೇಪರ್ ಕೈಗೆ ಬಂದ ಮೇಲೆ

ಸಾವಳಗಿ ಕಡೆಯ ಮನೆಗಳಲ್ಲಿ ಜಡ್ಡು ತುಸು ಬಲವಾಯಿತೆಂದರೆ ಮೊದಲು ಬಾಯಿಗೆ ಬರುವ ಊರ ಹೆಸರು ಮಿರಜ. ಅಥಣಿ ದಾಟಿ, ಗಡಿ ದಾಟಿ ಹೋದರೆ ಸಿಗುವ ಆ ಊರಿನಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ಡಾಕ್ಟರು 1894ರಲ್ಲಿ ದವಾಖಾನೆ ತೆರೆದರು. ಅಂದಿನಿಂದ ನಮ್ಮ ಭಾಗದ ಎಷ್ಟೋ ಮುತ್ಯಾ, ಆಯಿಗಳು ಅಲ್ಲಿಗೆ ಹೋಗಿ ಬದುಕಿ ಬಂದಿದ್ದಾರೆ. ಈಗ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಲ್ಲೂ ಮೆಡಿಕಲ್ ಕಾಲೇಜುಗಳಿವೆ. ಆ ದೊಡ್ಡ ದವಾಖಾನೆಗಳ ಋಣ ನಮ್ಮ ಮೇಲಿದೆ. ಆದರೂ ಮೊದಲು ತಟ್ಟಬೇಕಾದ ಕದ ಊರ ಡಾಕ್ಟರದ್ದೇ ಎಂದು ನಾನು ನಂಬಿದ್ದೇನೆ. ನೆಗಡಿ, ಜ್ವರ, ಹೊಟ್ಟೆನೋವು, ಬಿಪಿ, ಶುಗರ್ ಇವೆಲ್ಲ ಅಲ್ಲೇ ತೀರುವ ಸಂಗತಿಗಳು. ಅಲ್ಲಿ ತೀರದ್ದನ್ನು ಎಲ್ಲಿಗೆ ಕಳಿಸಬೇಕೆಂದು ಅವರಿಗೆ ಗೊತ್ತು. ಅವರ ಚೀಟಿ ಹಿಡಿದು ದೊಡ್ಡ ಊರಿಗೆ ಹೋದವರು ಯಾವ ವಿಭಾಗದ ಮುಂದೆ ಕೂರಬೇಕೆಂದು ತಿಳಿಯದೆ ಇಡೀ ದಿನ ಅಲೆಯುವುದಿಲ್ಲ.

ಹಳ್ಳಿಗರಿಗೆ ಇಂಥದೊಂದು ಮೊದಲ ಕದ ಬೇಕೆಂದು 1946ರಲ್ಲೇ ಜೋಸೆಫ್ ಭೋರ್ ಸಮಿತಿ ಬರೆದಿತ್ತು. ಇಂದಿನ ನಿಯಮದಂತೆ ಬಯಲು ಪ್ರದೇಶದ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಸಂತೆಯ ದಿನ ಆ ಲೆಕ್ಕದ ಅರ್ಥ ಕಣ್ಣಿಗೇ ಕಾಣುತ್ತದೆ. ಬೆಂಚು ತುಂಬಿ, ಕಟ್ಟೆ ತುಂಬಿ, ಬೇವಿನ ನೆರಳಿನಲ್ಲೂ ಮಂದಿ ಕೂತಿರುತ್ತಾರೆ. ಜಗತ್ತಿನ 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲ ಹಂತದ ಡಾಕ್ಟರು ರೋಗಿಯೊಬ್ಬರಿಗೆ ಕೊಡುವ ಹೊತ್ತಿನ ಲೆಕ್ಕವಿತ್ತು. ಸ್ವೀಡನ್ನಿನಲ್ಲಿ ಇಪ್ಪತ್ತೆರಡು ನಿಮಿಷ, ನಮ್ಮ ದೇಶದಲ್ಲಿ ಸುಮಾರು ಎರಡು ನಿಮಿಷ. ಡಾಕ್ಟರ ಸಂಖ್ಯೆ ಹೆಚ್ಚಬೇಕು, ಅದನ್ನು ಸರಕಾರಕ್ಕೆ ಒತ್ತಿ ಹೇಳಬೇಕು, ಹೇಳುತ್ತಲೇ ಇರಬೇಕು. ಆದರೆ ಇವತ್ತು ಕೇಸ್ ಪೇಪರ್ ಹಿಡಿದು ಒಳಗೆ ಹೋಗುವವರ ಕೈಯಲ್ಲಿರುವುದು ಆ ಎರಡೇ ನಿಮಿಷ.

ಅದರಲ್ಲಿ ನಾವು ಏನು ಮಾಡುತ್ತೇವೆ?

"ಏನಾಗೇತ್ರಿ ಕಾಕಾ?"

"ಆರಾಮಿಲ್ರಿ ಸಾಹೇಬ್ರ. ಒಂದ್ ಸೂಜಿ ಮಾಡಿಬಿಡ್ರಿ."

ಮಾತು ಮುಗಿಯಿತು. ನಾಡಿ ಹಿಡಿದರೆ ಎಲ್ಲ ತಿಳಿಯಬೇಕು, ಕೇಳಿ ತಿಳಿದುಕೊಳ್ಳುವವನು ಎಂಥ ಡಾಕ್ಟರ್ ಎನ್ನುವ ಹಳೆಯ ಭಾವನೆ ನಮ್ಮಲ್ಲಿ ಇನ್ನೂ ಇದೆ. ಸತ್ಯ ಇದಕ್ಕೆ ತೀರ ಬೇರೆ. 1975ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ಹೊಸದಾಗಿ ಬಂದ 80 ರೋಗಿಗಳನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. ಅವರಲ್ಲಿ 66 ಮಂದಿಯ ರೋಗ ಯಾವುದೆಂದು, ಊರ ವೈದ್ಯರ ಪತ್ರ ಓದಿ ರೋಗಿಯ ಮಾತು ಕೇಳಿದಷ್ಟಕ್ಕೇ ಗೊತ್ತಾಗಿತ್ತು. ಮೈ ಮುಟ್ಟಿ ನೋಡಿದ್ದರಿಂದ ಬದಲಾದದ್ದು ಏಳು, ರಕ್ತ, ಎಕ್ಸರೇಗಳಿಂದ ಬದಲಾದದ್ದು ಇನ್ನೇಳು. ಸ್ಕ್ಯಾನಿಂಗಿಗೆ ಸಾವಿರಗಟ್ಟಲೆ ಎಣಿಸುವ ನಾವು, ಅದಕ್ಕಿಂತ ಹೆಚ್ಚು ತಿಳಿಸಬಲ್ಲ ನಮ್ಮ ಬಾಯಿಮಾತನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಯಾವಾಗಿನಿಂದ ಎನ್ನುವುದು ಮೊದಲ ಪ್ರಶ್ನೆ. ತಾರೀಖು ನೆನಪಿಲ್ಲವೆಂದು ಸುಮ್ಮನಾಗಬೇಕಿಲ್ಲ. "ಕಾರಹುಣ್ವಿ ಮುಂದಿಂದ್ರಿ", "ಕಬ್ಬು ಕಡಿಯಾಕ ಹತ್ತಿದಾಗಿಂದ್ರಿ" ಎಂದರೆ ಸಾಕು, ಉಳಿದ ಲೆಕ್ಕ ಡಾಕ್ಟರು ಹಾಕಿಕೊಳ್ಳುತ್ತಾರೆ. ಕೆಮ್ಮು ಎರಡು ವಾರ ದಾಟಿದ್ದರೆ ಅದನ್ನು ಬಿಡಿಸಿ ಹೇಳಲೇಬೇಕು. ಆಗ ಕಫದ ಪರೀಕ್ಷೆ ಆಗಬೇಕು, ಸರಕಾರಿ ದವಾಖಾನೆಯಲ್ಲಿ ಅದಕ್ಕೆ ದುಡ್ಡಿಲ್ಲ. ಕ್ಷಯವೆಂದು ತಿಳಿದರೆ ಗುಳಿಗೆಯೂ ಪುಕ್ಕಟೆ. ನೋವಿದ್ದರೆ ಎಲ್ಲಿ, ನಡೆದರೆ ಹೆಚ್ಚೋ ಕೂತರೆ ಹೆಚ್ಚೋ, ಉಂಡ ಮೇಲೋ ಹಸಿದಾಗಲೋ ಎಂಬುದನ್ನು ಹೊರಗೆ ಬೆಂಚಿನ ಮೇಲೆ ಕೂತಾಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಯಾವುದರ ಬಗ್ಗೆ ಇದೆಯೋ ಅದನ್ನೇ ಮೊದಲು ಹೇಳಬೇಕು. ನಾವು ಎದೆನೋವನ್ನು ಬಾಗಿಲ ಹತ್ತಿರ ಹೋಗಿ, ಚಪ್ಪಲಿ ಮೆಟ್ಟುತ್ತ ಹೇಳುವ ಮಂದಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನ್ನ ಸಂಕಟ ಹೆಚ್ಚುತ್ತದೆ. ಕುರ್ಚಿಯಲ್ಲಿ ಕೂತವಳು ತಾಯಿ, ಮಾತನಾಡುವವನು ಮಗ. "ಅಕಿಗಿ ಏನೂ ತಿಳಿಯಂಗಿಲ್ರಿ, ಟೊಂಕ ನೋವಂತ್ರಿ" ಎಂದು ಅವನೇ ಮುಗಿಸುತ್ತಾನೆ. ಅವಳ ನಿಜವಾದ ತೊಂದರೆ ಬಿಳಿ ಹೋಗುವುದಿರಬಹುದು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಂಡ ರಕ್ತವಿರಬಹುದು, ಎದೆಯಲ್ಲಿ ಕೈಗೆ ಸಿಗುವ, ನೋಯದ ಗಂಟಿರಬಹುದು. ಮಗನೆದುರು ಅವಳು ಅದನ್ನು ಹೇಗೆ ಆಡಿಯಾಳು? ನೋವಿಲ್ಲವಲ್ಲ ಎಂದು ಆ ಗಂಟನ್ನು, ವಯಸ್ಸಾಯಿತಲ್ಲ ಎಂದು ಆ ರಕ್ತವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಗದ್ದೆಗೆ ಹೋಗುತ್ತಾಳೆ. ಇವೆರಡೂ ಒಂದು ದಿನವೂ ತಡಮಾಡದೆ ತೋರಿಸಬೇಕಾದವು, ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಾದವು. "ನೀ ಸ್ವಲ್ಪ ಹೊರಗ ಕುಂದ್ರಪಾ" ಎಂದು ಮಗನಿಗೆ ಹೇಳುವ ಹಕ್ಕು ಆ ತಾಯಿಗಿದೆ. ಗಂಡಸು ಡಾಕ್ಟರಿದ್ದರೆ ಜತೆಗೆ ಸಿಸ್ಟರ್ ನಿಲ್ಲಲಿ ಎಂದು ಕೇಳುವ ಹಕ್ಕೂ ಇದೆ. ಅಷ್ಟೂ ಆಗದಿದ್ದರೆ ಓಣಿಯ ಆಶಾ ಅಕ್ಕನ ಕಿವಿಯಲ್ಲಿ ಹೇಳಿ, ಅವಳನ್ನೇ ಕರೆದುಕೊಂಡು ಹೋಗಬಹುದು. ರೋಗಿ ಹೇಳಿದ್ದನ್ನು ಹೊರಗೆ ಆಡಬಾರದೆಂಬುದು ಡಾಕ್ಟರಿಗೆ ವೃತ್ತಿಯ ಕಟ್ಟಳೆ.

ಗಂಡಸರು ಮುಚ್ಚಿಡುವುದು ಬೇರೆ: ತಂಬಾಕು, ಗುಟಕಾ, ಸಂಜೆಯ ಕುಡಿತ, ಜತೆಗೆ ಮೆಡಿಕಲ್ ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ನೋವಿನ ಗುಳಿಗೆಗಳು. ಮೊಣಕಾಲ ನೋವಿಗೆಂದು ವರ್ಷಗಟ್ಟಲೆ ನುಂಗಿದ ಅವು ಕಿಡ್ನಿಯನ್ನು ಕೆಡಿಸಬಲ್ಲವು. ನಾಟಿ ಔಷಧ ತಿಂದಿದ್ದರೆ ಅದನ್ನೂ ಹೇಳಬೇಕು. ಬೈಗುಳಕ್ಕೆ ಅಂಜಿ ಸುಳ್ಳು ಹೇಳಿದರೆ ಡಾಕ್ಟರು ಆ ಸುಳ್ಳಿಗೇ ಔಷಧ ಬರೆಯುತ್ತಾರೆ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಟಿ ಸಹಿತ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಬಾಯಿ ಮರೆತದ್ದನ್ನು ಚೀಲ ಹೇಳುತ್ತದೆ.

ನಮ್ಮ ಕಡೆ ದ್ರಾಕ್ಷಿ ತೋಟಗಳಿವೆ, ಎಣ್ಣೆ ಹೊಡೆಯುವ ಕೆಲಸ ತಪ್ಪಿದ್ದಲ್ಲ. ಹೊಡೆದು ಬಂದವನಿಗೆ ತಲೆ ಸುತ್ತಿ, ವಾಂತಿಯಾಗಿ, ಬೆವರು ಜೊಲ್ಲು ಸುರಿದರೆ ಮನೆಯವರು ಪಿತ್ತವೆಂದು ನಿಂಬೆಹಣ್ಣು ಹಿಂಡುತ್ತಾರೆ. ಅವನು ಬೆಳಿಗ್ಗೆ ಏನು ಹೊಡೆದ ಎಂಬ ಒಂದು ಮಾತು ಅಲ್ಲಿ ಜೀವ ಉಳಿಸುವಂಥದು. ಆ ಡಬ್ಬಿಯನ್ನೇ ಒಯ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ವಜ್ರದ ಆಕಾರದ ಗುರುತಿನ ಕೆಳಗಿನ ಅರ್ಧ ಕೆಂಪಿದ್ದರೆ ಅತಿ ಕಡು ವಿಷ, ಹಳದಿಯಾದರೆ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಪ್ರತಿವಿಷದ ಹೆಸರನ್ನೂ ಅಲ್ಲೇ ಅಚ್ಚು ಹಾಕಿರುತ್ತಾರೆ.

ಇನ್ನು ಸೂಜಿ, ಸಲಾಯಿನ್. ಸೂಜಿ ಮಾಡದ ಡಾಕ್ಟರಿಗೆ ಕೈಗುಣವಿಲ್ಲ ಎಂಬ ಮಾತು ಎಷ್ಟೋ ಒಳ್ಳೆಯ ಡಾಕ್ಟರನ್ನು ನೋಯಿಸಿದೆ. ಸಾದಾ ಜ್ವರಕ್ಕೆ ಬಾಯಿಂದ ನುಂಗಿದ ಪ್ಯಾರಾಸಿಟಮಾಲ್ ಸಾಕು. "ನಿಶ್ಶಕ್ತಿ ಐತ್ರಿ, ಒಂದ್ ಬಾಟ್ಲಿ ಹಚ್ರಿ" ಎಂದು ಹಚ್ಚಿಸಿಕೊಳ್ಳುವ ಅರ್ಧ ಲೀಟರಿನ ಉಪ್ಪಿನ ಸಲಾಯಿನ್ನಿನಲ್ಲಿರುವುದು ನಾಲ್ಕೂವರೆ ಗ್ರಾಂ ಉಪ್ಪು, ಸಕ್ಕರೆಯ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್. ಬೆಲ್ಲ ಹಾಕಿದ ಒಂದು ಬಟ್ಟಲು ರಾಗಿ ಅಂಬಲಿ ಅದಕ್ಕಿಂತ ಹೆಚ್ಚು ಕಸುವು ಕೊಡುತ್ತದೆ. ವಾಂತಿ ನಿಲ್ಲದೆ, ನೀರೂ ಒಳಗೆ ನಿಲ್ಲದೆ ಮೈ ಒಣಗಿದವರಿಗೆ ಮಾತ್ರ ಅದೇ ಬಾಟಲಿ ಪ್ರಾಣ. ಅದು ಯಾರಿಗೆ ಬೇಕೆಂದು ತೀರ್ಮಾನಿಸುವ ಕೆಲಸ ಡಾಕ್ಟರದು. ಆಂಟಿಬಯೋಟಿಕ್ಕಿನ ಮಾತೂ ಹಾಗೆಯೇ. ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದ ಗುಳಿಗೆಯನ್ನು ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಾರದು.

ಬಿಪಿಯ ಗುಳಿಗೆಯನ್ನು ತಲೆ ಸುತ್ತಿದ ದಿನ ಮಾತ್ರ ನುಂಗುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಬಿಪಿ ಏರಿದ್ದು ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ, ಒಂದು ದಿನ ಲಕ್ವ ಹೊಡೆದಾಗಲೇ ಗೊತ್ತಾಗುವುದು. ನೋಡಿಸಿಕೊಳ್ಳುವ ಮುನ್ನ ಅರ್ಧ ತಾಸು ಚಹಾ, ತಂಬಾಕು ಬಿಟ್ಟು, ಐದು ನಿಮಿಷ ಸುಮ್ಮನೆ ಕೂತಿರಬೇಕು. ಬಸ್ಸಿಳಿದು ಓಡಿ ಬಂದವರ ಬಿಪಿ ಸುಳ್ಳು ಹೇಳುತ್ತದೆ. "ಈಗ ಬರೊಬ್ಬರಿ ಐತಿ" ಎಂದು ಡಾಕ್ಟರು ಹೇಳಿದರೆ ಅದು ಗುಳಿಗೆಯ ಪುಣ್ಯ, ನಿಲ್ಲಿಸಲು ಅಪ್ಪಣೆಯಲ್ಲ.

ಹಾವು ಕಡಿದಾಗ ಬೆಂಚಿನ ಮೇಲೆ ಕಾಯುವ ಮಾತೇ ಇಲ್ಲ. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಳೆ ಉಂಗುರ ತೆಗೆದು, ಕಡಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಬೇಕು, ಇಲ್ಲವೇ ಸಿಕ್ಕ ಗಾಡಿಯಲ್ಲಿ ದವಾಖಾನೆ ಮುಟ್ಟಬೇಕು. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ದವಾಖಾನೆಯವರು ಸರಕಾರಕ್ಕೆ ವರದಿ ಮಾಡಬೇಕು. ಇದರಲ್ಲೂ ಬಾಯಿಮಾತಿನ ಬೆಲೆ ದೊಡ್ಡದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ಗಾಯ ಕಾಣುವುದಿಲ್ಲ, ಬಾವು ಬರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತಲಾಗದ ಭಾರ. ನೋಡಿದವರಿಗೆ ಅಜೀರ್ಣ ಅನಿಸುತ್ತದೆ. "ರಾತ್ರಿ ಹೊಲದಾಗ ಗುಡಿಸಲ ನೆಲಕ್ಕ ಮಲಗಿದ್ದನ್ರಿ" ಎಂದು ಯಾರಾದರೂ ಹೇಳಿದರೆ ಡಾಕ್ಟರ ಯೋಚನೆಯ ದಾರಿಯೇ ಬದಲಾಗುತ್ತದೆ.

ಚೀಟಿ ಕೈಗೆ ಬಂದೊಡನೆ ನಾವು ಎದ್ದುಬಿಡುತ್ತೇವೆ, ಹಿಂದೆ ಇನ್ನೂ ಮಂದಿ ಇದ್ದಾರೆಂಬ ಸಂಕೋಚ. ಯಾವ ಗುಳಿಗೆ ಉಣ್ಣುವ ಮೊದಲು, ಯಾವುದು ಉಂಡ ಮೇಲೆ, ಎಷ್ಟು ದಿನ ಎಂದು ಕೇಳಲು ಅರ್ಧ ನಿಮಿಷವೂ ಬೇಡ. ಓದು ಬಾರದವರಿಗೆ ಪಟ್ಟಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡುತ್ತಾರೆ: ಮುಂಜಾನೆಗೊಂದು, ರಾತ್ರಿಗೊಂದು. ಕಂಕುಳಲ್ಲಿ ಜ್ವರದ ಕೂಸನ್ನು ಇಟ್ಟುಕೊಂಡು ಬಂದ ತಾಯಿ ಇನ್ನೊಂದು ಮಾತು ಕೇಳಬೇಕು: "ಏನ್ ಕಂಡ್ರ ತಡಾ ಮಾಡ್ದ ಬರಬೇಕ್ರಿ?" ಆಗ ಡಾಕ್ಟರು ಪೆನ್ನು ಕೆಳಗಿಟ್ಟು ಹೇಳುತ್ತಾರೆ: "ಮೊಲಿ ಕುಡ್ಯೂದು ಬಿಟ್ರ, ಕುಡಿದದ್ದೆಲ್ಲಾ ಕಾರಿಕೊಂಡ್ರ, ಝಟಕಿ ಬಂದ್ರ, ಎಬ್ಬಿಸಿದ್ರೂ ಏಳದಿದ್ರ, ಉಸಿರಾಡುವಾಗ ಪಕ್ಕಿ ಒಳಗ ಎಳದ್ರ, ನಡುರಾತ್ರಿ ಆದ್ರೂ ಎತಕೊಂಡ ಬಾ ತಂಗಿ."