ನೆರಳಿಲ್ಲದ ಕುದುರೆಗಳು

ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡಂತಿರುವ ಊರು ಬಾಬುರಾಯನಕೊಪ್ಪಲು. ಪ್ರವಾಸಿಗರ ಕಣ್ಣೆಲ್ಲ ಮುಂದಿನ ಕೋಟೆಯ ಮೇಲೆ. ಈ ಊರನ್ನು ನೋಡಲೆಂದು ಇಳಿಯುವವರು ಕಡಿಮೆ. ನಾನು ಮಾತ್ರ ಇಲ್ಲಿ ಬಹಳ ಕಾಲ ನಿಂತವನು. ಕಬ್ಬಿನ ಟ್ರ್ಯಾಕ್ಟರುಗಳ ಹಿಂಬದಿಯ ಹಲಗೆಗೆ ನವಿಲು, ಬಸವ, ಕುದುರೆ ಬರೆದು, ಕೆಳಗೆ ‘ತಾಯಿಯ ಆಶೀರ್ವಾದ’ ಎಂದು ಅಕ್ಷರ ಮೂಡಿಸುವುದು ನನ್ನ ಕಸುಬು.

“ಇದೂ ಒಂದು ಚಿತ್ರಕಲೆಯೇ?” ಎಂದು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದ ಗೆಳೆಯನೊಬ್ಬ ಒಮ್ಮೆ ಕೇಳಿದ. “ನಿನ್ನ ಕುದುರೆಗೆ ನೆರಳೇ ಇಲ್ಲ. ದೂರದವನೂ ಹತ್ತಿರದವನೂ ಒಂದೇ ಎತ್ತರ!” ಮಾತು ಸುಳ್ಳಲ್ಲ. ಇನ್ನು ಬರೀ ಅಕ್ಷರ ಬರೆದರೆ ಸಾಕು ಎಂದುಕೊಂಡೆ.

ಆ ಬೇಸಿಗೆ ರಜೆಗೆ ಅಕ್ಕನ ಮಗಳು ಬಂದಿದ್ದಳು. ಸೈಕಲ್ಲಿನಲ್ಲಿ ಕೂರಿಸಿಕೊಂಡು ದರಿಯಾ ದೌಲತ್ ತೋರಿಸಲು ಹೊರಟೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆಯ ಅರಮನೆ ಅದು. ಪಶ್ಚಿಮದ ಗೋಡೆಯ ತುಂಬ, ಕಂಚಿಯ ಸಮೀಪ 1780ರಲ್ಲಿ ನಡೆದ ಪೊಳ್ಳಿಲೂರು ಕಾಳಗದ ಚಿತ್ರ. ಸಾಲು ಸಾಲು ಕುದುರೆಗಳು, ಎಲ್ಲವೂ ಒಂದೇ ಅಚ್ಚು. ಸಿಡಿಯುತ್ತಿರುವ ಮದ್ದಿನ ಬಂಡಿ. ಪಲ್ಲಕ್ಕಿಯಲ್ಲಿ ಗಾಬರಿಯಿಂದ ಬೆರಳು ಕಚ್ಚುತ್ತಿರುವ ಕಂಪನಿಯ ಕರ್ನಲ್ ಬೇಲಿ. ಇನ್ನೊಂದೆಡೆ ತಡವಾಗಿ ಬಂದ ನಿಜಾಮ. ಅವನನ್ನು ಲೇವಡಿ ಮಾಡಲು ಹಸು ಮತ್ತು ಹಂದಿ! ಇಂದಿನ ವ್ಯಂಗ್ಯಚಿತ್ರಕಾರರೂ ಮೆಚ್ಚುವ ಕುಚೋದ್ಯ.

ಹುಡುಗಿ ಕೇಕೆ ಹಾಕಿದಳು: “ಮಾವ, ನೀನು ಟ್ರ್ಯಾಕ್ಟರ್ ಮೇಲೆ ಬರೀತೀಯಲ್ಲ, ಹಂಗೇ ಐತೆ!”

ನಾನು ಮಾತಾಡಲಿಲ್ಲ. ಒಂದು ಕುದುರೆಗೂ ನೆರಳಿರಲಿಲ್ಲ.

ಒಳಗೆ ಹೋದೆವು. 1959ರಲ್ಲಿ ಇಲ್ಲಿ ಟಿಪ್ಪು ಸುಲ್ತಾನ್ ವಸ್ತುಸಂಗ್ರಹಾಲಯ ಆರಂಭವಾಯಿತು. ಟಿಪ್ಪುವಿನ ಮಕ್ಕಳನ್ನು ಎದುರಿಗೆ ಕೂರಿಸಿ ಥಾಮಸ್ ಹಿಕಿ ಬರೆದ ಪೆನ್ಸಿಲ್ ಚಿತ್ರಗಳು ಅಲ್ಲಿದ್ದವು. ನೆರಳು, ಬೆಳಕು, ಅಳತೆ ಎಲ್ಲವೂ ಲೆಕ್ಕದ ಪ್ರಕಾರ. ಒಳಗೆ ಹಿಕಿ, ಹೊರಗೆ ನಮ್ಮ ನಾಡಿನ ಚಿತ್ರಗಾರರು. ಒಂದೇ ಸೂರು, ಒಂದೇ ಟಿಕೇಟು. ಇದು ಮೇಲು, ಅದು ಕೀಳು ಎಂದು ಯಾರೂ ಚೀಟಿ ಅಂಟಿಸಿರಲಿಲ್ಲ.

ಆ ಗೋಡೆ ಸುಲಭವಾಗಿ ಉಳಿದದ್ದೂ ಅಲ್ಲ. ಯುದ್ಧದ ದಿನಗಳಲ್ಲಿ ಚಿತ್ರಗಳು ಹಾಳಾದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲಿ ನೆಲೆಸಿದ ಆರ್ಥರ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಮತ್ತೆ ಮಾಸಿದಾಗ, 1850ರ ದಶಕದಲ್ಲಿ, ಡಾಲ್‌ಹೌಸಿ ಪುನಃ ಬರೆಸಿದ. ತಮ್ಮವರ ಸೋಲಿನ ಚಿತ್ರವನ್ನೇ ಗೆದ್ದವರು ಉಳಿಸಿಕೊಟ್ಟರು! ಇಂದು ಪುರಾತತ್ವ ಇಲಾಖೆ ಅದನ್ನು ಬಿಸಿಲು ಮಳೆಗಳಿಂದ ಕಾಯುತ್ತಿದೆ.

ಇವರಲ್ಲಿ ಯಾರಿಗೂ ನನ್ನ ಪರಿಚಯವಿಲ್ಲ. ಆದರೆ ನನ್ನ ಕುಂಚವನ್ನು ನನಗೆ ಹಿಂದಿರುಗಿಸಿದವರು ಇವರೇ. ಗೋಡೆಗೆ ಕೈಮುಗಿದರೆ ಜನ ನಕ್ಕಾರು ಎಂದು ಮನಸ್ಸಿನಲ್ಲೇ ಮುಗಿದು ಬಂದೆ. ಮರುದಿನ ಮೊದಲು ಬಂದ ಟ್ರ್ಯಾಕ್ಟರಿಗೆ ಐದು ಕುದುರೆ ಬರೆದೆ. ಐದೂ ಒಂದೇ ಎತ್ತರ.

ದರಿಯಾ ದೌಲತ್‌ಗೆ ಹೋದಾಗ ಮಕ್ಕಳನ್ನು ಆ ಪಶ್ಚಿಮ ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲಲು ಬಿಡಿ. ಮನೆಗೆ ಬಂದ ಮೇಲೆ ಅವರ ಲೆಕ್ಕದ ಪುಸ್ತಕದ ಕೊನೆಯ ಹಾಳೆಯನ್ನೂ ಒಮ್ಮೆ ನೋಡಿ. ಬೈಯಲು ಆತುರ ಬೇಡ.