ವಿಷ ತಲೆಗೇರಿತು ಎನ್ನುವ ಮೊದಲು

ಸೋಮವಾರಪೇಟೆಯ ಸುತ್ತಮುತ್ತ ಯಾರಿಗಾದರೂ ಹಾವು ಕಚ್ಚಿತೆಂದರೆ ನಾವು ಮೊದಲು ಹುಡುಕುವುದು ಹಗ್ಗವನ್ನು, ಆಮೇಲೆ ಮಂತ್ರ ಬಲ್ಲವರನ್ನು, ಕೊನೆಗೆ ವಾಹನವನ್ನು. ವಿಷ ತಲೆಗೇರಬಾರದು ಎಂಬುದೊಂದೇ ಚಿಂತೆ. ಆದರೆ ಗದ್ದೆಯ ಕೊಳಕುಮಂಡಲದ ವಿಷಕ್ಕೆ ತಲೆಗೇರುವ ಅವಸರವಿಲ್ಲ. ಅದರ ಕೆಲಸವೇನಿದ್ದರೂ ಮುಖ್ಯವಾಗಿ ರಕ್ತದಲ್ಲಿ.

ಕೆಲವು ವರ್ಷಗಳ ಹಿಂದೆ ಶನಿವಾರಸಂತೆ ಕಡೆ ಭತ್ತದ ಕೊಯ್ಲಿಗೆ ಬಂದಿದ್ದ ಹೆಣ್ಣುಮಗಳೊಬ್ಬಳ ಪಾದಕ್ಕೆ ಈ ಹಾವು ಕಚ್ಚಿತು. ನಾವು ಜೀಪು ತೆಗೆದುಕೊಂಡು ಹೋಗುವಷ್ಟರಲ್ಲಿ ಮೊಣಕಾಲ ಕೆಳಗೆ ಹಗ್ಗ ಬಿಗಿದಾಗಿತ್ತು. ಪಾದ ಊದಿ ಕಾಲುಂಗುರ ಚರ್ಮದೊಳಗೆ ಹೂತುಹೋಗಿತ್ತು. ತೆಗೆಯಬೇಕೆಂದಾಗ, "ಬೇಡ ಅಣ್ಣಾ, ಗಂಡ ಇರುವಾಗ ಅದನ್ನ ತೆಗೀಬಾರ್ದು" ಎಂದು ಅತ್ತಳು. ಕೊನೆಗೆ ಗಂಡನೇ ಸೋಪು ಹಚ್ಚಿ ಎಳೆದ.

ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ ಇಟ್ಟರು. ಇಪ್ಪತ್ತು ನಿಮಿಷ ಕಾಯಬೇಕು ಎಂದರು. ಗೋಡೆಯ ಗಡಿಯಾರವನ್ನು ನಾವು ಅಷ್ಟು ದಿಟ್ಟಿಸಿ ನೋಡಿದ್ದು ಅದೇ ಮೊದಲು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ನಳಿಕೆ ಬಾಗಿಸಿದಾಗ ಆಕೆಯ ರಕ್ತ ನೀರಿನಂತೆ ಹರಿಯಿತು.

ಆಗುವುದೇನೆಂದರೆ, ವಿಷ ಮೊದಲು ರಕ್ತನಾಳಗಳೊಳಗೆ ಎಲ್ಲೆಂದರಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಲು ಹೊರಡುತ್ತದೆ. ಬಿತ್ತನೆಗೆ ಇಟ್ಟ ಭತ್ತವನ್ನೆಲ್ಲ ಒಂದೇ ದಿನ ಚೆಲ್ಲಿ ಮುಗಿಸಿದಂತೆ, ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯೆಲ್ಲ ಖಾಲಿಯಾಗುತ್ತದೆ. ಆಮೇಲೆ ವಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ. ಮೂತ್ರಪಿಂಡ ಸೋಲುತ್ತದೆ. ಇಂಥವರ ಗಾಯವನ್ನು ಬ್ಲೇಡಿನಿಂದ ಕೊಯ್ದರೆ ನಿಲ್ಲಿಸುವುದು ಹೇಗೆ? ಬಿಗಿದ ಹಗ್ಗ ವಿಷವನ್ನು ತಡೆಯುವ ಬದಲು ಕಾಲನ್ನೇ ಕೊಳೆಸಬಹುದು. ಕಾಲು ಅಲುಗದಂತೆ ಒಂದು ಹಲಗೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಕರೆತಂದರೆ ಸಾಕಿತ್ತು.

ನಾಗರ ಮತ್ತು ಕಟ್ಟುಹಾವಿನ ದಾರಿ ಬೇರೆ. ಅವುಗಳ ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕ ಕಡಿಯುತ್ತದೆ. ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಉಸಿರು ನಿಲ್ಲುತ್ತದೆ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಗುರುತೂ ಸರಿಯಾಗಿ ಕಾಣದು. ಹೊಟ್ಟೆನೋವೆಂದು ಕಷಾಯ ಕುಡಿಸಿದವರುಂಟು. ಕುದುರೆಗಳ ರಕ್ತದಿಂದ ತಯಾರಿಸುವ ನಮ್ಮ ಪ್ರತಿವಿಷ ಇವೆರಡು, ಕೊಳಕುಮಂಡಲ ಮತ್ತು ಗರಗಸ ಮಂಡಲ, ಹೀಗೆ ನಾಲ್ಕು ಹಾವುಗಳಿಗೆ ಮಾಡಿದ್ದು. ಕಾಫಿ ತೋಟದಲ್ಲಿ ಸಿಗುವ ಪಿಟ್ ವೈಪರ್‌ಗಳಿಗೆ ಅಲ್ಲ.

ಹಾಗಾದರೆ ಮಂತ್ರದಿಂದ ಬದುಕಿದವರು? ಇದ್ದಾರೆ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರೆಲ್ಲ ಹೇಗೂ ಬದುಕುವವರೇ, ಕೀರ್ತಿ ಮಾತ್ರ ಮಂತ್ರದವರಿಗೆ. ನೀರಿಗೆ ಓದಿ ಊದಿಕೊಡುವವರು ನಮ್ಮ ಸಮುದಾಯದಲ್ಲೂ ಕಡಿಮೆಯಿಲ್ಲ. ಪ್ರಾರ್ಥನೆಯನ್ನು ಜೀಪಿನಲ್ಲಿ ಕೂತೂ ಮಾಡಬಹುದಲ್ಲ!

ಆ ಹೆಣ್ಣುಮಗಳು ಬದುಕಿದಳು, ಆದರೆ ವಾರಗಟ್ಟಲೆ ಡಯಾಲಿಸಿಸ್ ಬೇಕಾಯಿತು. ಹಗ್ಗ, ಮಂತ್ರವೆಂದು ಕಳೆದದ್ದು ಸುಮಾರು ಎರಡು ಗಂಟೆ. ಗಂಡನೂ ಕೂಲಿ ಬಿಟ್ಟು ಅವಳ ಪಕ್ಕದಲ್ಲೇ ಕುಳಿತ. ಆ ವರ್ಷ ಅವರು ಸುಗ್ಗಿಯ ದುಡ್ಡು ಕಾಣಲಿಲ್ಲ.

2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆ ಮುಟ್ಟಿದವರ ಲೆಕ್ಕ ಇನ್ನು ಸಿಗಬಹುದು. ಮಂತ್ರದವರ ಜಗಲಿಯಲ್ಲೇ ಉಸಿರು ನಿಂತವರ ಲೆಕ್ಕವನ್ನು ಊರಿನವರೇ ಹೇಳಬೇಕು.